ಸ್ಥಿರ ಆವೃತ್ತಿ, ಪ್ರಯೋಗದ ಆವೃತ್ತಿ: ಒಂದೇ ಗಣಕದಲ್ಲಿ ಎರಡೂ

ಲಿನಕ್ಸ್ ಗಣಕಗಳಲ್ಲಿ ಪುಸ್ತಕದ ಪುಟವಿನ್ಯಾಸಕ್ಕೆಂದು ದೊರೆಯುವ ಸ್ವತಂತ್ರ ತಂತ್ರಾಂಶಗಳ ಪೈಕಿ ಅಗ್ರಗಣ್ಯವೆನಿಸಿದ ಸ್ಕ್ರೈಬಸ್ಸಿನ 1.4 ಮಾಲಿಕೆಯು 2012ರ ಆರಂಭದಲ್ಲಿ ಸ್ಥಿರ ಆವೃತ್ತಿಯಾಗಿ ಹೊರಬಂದಾಗ, ಇಂಗ್ಲಿಷಿನಲ್ಲಿ ಅಚ್ಚುಮಾಡುವವರಿಗೆ ಅದೊಂದು ಸಮರ್ಥವಾದ ಸಾಧನವಾಗಿ ಒದಗಿದುದು ನಿಜವಾದರೂ, ಯುನಿಕೋಡಿನಲ್ಲಿ ಟೈಪುಮಾಡಿದ ಕನ್ನಡವನ್ನು ಅದರ ಪುಟಕ್ಕೆ ತಂದೊಡನೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಕಳಚಿಕೊಂಡು, 'ರಾಷ್ಟ್ರ' ಎಂಬ ಪದದ ಷಕಾರ ಟಕಾರ ರಕಾರಗಳು ಒಂದರ ಕೆಳಗೊಂದು ಸೇರುವುದರ ಬದಲು ಸಾಲಾಗಿ ನಿಂತುಬಿಡುತ್ತಿದ್ದುವು. ವ್ಯಂಜನಗಳನ್ನು ಕೂಡಿಸಿ ಸಂಯುಕ್ತಾಕ್ಷರವನ್ನು ರಚಿಸುವ ಶಕ್ತಿಯೇ ಆ ಮಾಲಿಕೆಗೆ ಇರಲಿಲ್ಲ. ಆ ಶಕ್ತಿ ಬಂದುದು 2017ರಲ್ಲಿ, ಹಾರ್ಫ್‌ಬಜ್ ಎಂಬ ಲಿಪಿಸಂಯೋಜಕವನ್ನು ಅಳವಡಿಸಿಕೊಂಡ 1.5.3ರಲ್ಲಿ, ಆದರೆ ಅದು ಇನ್ನೂ ವಿಕಾಸದ ಹಂತದಲ್ಲಿದ್ದ ಆವೃತ್ತಿ. ಅದೇ ಗುಣವುಳ್ಳ ಸ್ಥಿರ ಆವೃತ್ತಿಯಾದ 1.6 ಪ್ರಕಟವಾದುದು 2024ರಲ್ಲಿ.

ನಡುವಣ ಆ ಏಳು ವರ್ಷಗಳ ಕಾಲ, ಕನ್ನಡದ ಪುಸ್ತಕವನ್ನು ಸ್ವತಂತ್ರ ತಂತ್ರಾಂಶದಲ್ಲಿಯೇ ಸಿದ್ಧಪಡಿಸಬೇಕೆಂಬ ಸಂಕಲ್ಪವುಳ್ಳವರು, ಹಿಂದಿನ ಕೆಲಸಗಳನ್ನೆಲ್ಲ ಒಳಗೊಂಡಿದ್ದ 1.4ನ್ನು ತೊರೆಯಲಾರದೆ, ಕನ್ನಡವನ್ನು ಬಲ್ಲ 1.5ನ್ನು ಸಂಪೂರ್ಣವಾಗಿ ನಂಬಲೂ ಆರದೆ, ಎರಡನ್ನೂ ಒಂದೇ ಗಣಕದಲ್ಲಿ ಇರಿಸಿಕೊಂಡು, ಯಾವ ಕೆಲಸ ಯಾವುದರಲ್ಲಿ ಆಗತಕ್ಕದ್ದೆಂಬುದನ್ನು ವಿವೇಚಿಸಿ ನಡೆಯಬೇಕಾಗಿತ್ತು. ಕೆಲವು ಲಿನಕ್ಸ್ ವಿತರಣೆಗಳು 1.6 ಬರುವುದಕ್ಕೆ ಮುನ್ನವೇ 1.5 ಮಾಲಿಕೆಯನ್ನು ತಮ್ಮ ಭಂಡಾರದಿಂದ ನೀಡತೊಡಗಿದ್ದುಂಟು. ಈಗ 1.6 ಸ್ಥಿರವಾಗಿದೆ, 1.7 ಪ್ರಯೋಗದಲ್ಲಿದೆ, ಅಂಕಿಗಳು ಬದಲಾದರೂ ಸನ್ನಿವೇಶದ ಸ್ವರೂಪ ಹಾಗೆಯೇ ಉಳಿದಿರುವುದರಿಂದ, ಎರಡು ಆವೃತ್ತಿಗಳನ್ನು ಒಂದಕ್ಕೊಂದು ಬಾಧಕವಾಗದಂತೆ ಜೊತೆಯಲ್ಲಿ ನಡೆಸುವ ವಿಧಾನವನ್ನು ಸ್ಕ್ರೈಬಸ್ಸನ್ನೇ ಮುಖ್ಯ ನಿದರ್ಶನವಾಗಿ ಇಟ್ಟುಕೊಂಡು ಇಲ್ಲಿ ವಿವರಿಸಿದೆ.

ಸಂಖ್ಯೆಯನ್ನು ನೋಡಿದ ಮಾತ್ರಕ್ಕೆ ಆವೃತ್ತಿಯ ಸ್ವಭಾವ ತಿಳಿಯುವಂತೆ ಮಾಡುವ ಸಂಪ್ರದಾಯವೊಂದು ಲಿನಕ್ಸ್ ಬಳಗದಲ್ಲಿ ಬಹುಕಾಲದಿಂದ ಉಂಟು. ಮೊದಲ ಚುಕ್ಕೆಯ ನಂತರದ ಅಂಕಿ ಸಮವಾಗಿದ್ದರೆ ಸ್ಥಿರ, ಬೆಸವಾಗಿದ್ದರೆ ಪ್ರಯೋಗ. ಲಿನಕ್ಸ್ ಕರ್ನಲ್ ಕೂಡ ಮೊದಲು ಈ ಕ್ರಮವನ್ನೇ ಅನುಸರಿಸುತ್ತಿದ್ದು, 2.4 ಜನರ ಬಳಕೆಗೂ 2.5 ಪ್ರಯೋಗಕ್ಕೂ ಮೀಸಲಾಗಿದ್ದುವು. 2003ರ ಡಿಸೆಂಬರಿನಲ್ಲಿ 2.6 ಬಂದ ತರುವಾಯ ಆ ಪದ್ಧತಿಯನ್ನು ಕೈಬಿಡಲಾಯಿತು. ಗ್ನೋಮ್ ಡೆಸ್ಕ್‌ಟಾಪ್ 2021ರಲ್ಲಿ 40 ಎಂಬ ಸಂಖ್ಯೆಗೆ ಜಿಗಿದಾಗ ಅದನ್ನು ತೊರೆಯಿತು. ಸ್ಕ್ರೈಬಸ್ಸಿನಲ್ಲಿ ಅದು ಇಂದಿಗೂ ಉಳಿದಿದೆ. ಚಿತ್ರಗಳನ್ನು ತಿದ್ದುವ ಗಿಂಪ್ ತಂತ್ರಾಂಶದಲ್ಲಿಯೂ 2.10 ಸ್ಥಿರವಾಗಿದ್ದ ಕಾಲದಲ್ಲಿ ಪ್ರಯೋಗಗಳು 2.99 ಎಂಬ ಹೆಸರಿನಲ್ಲಿ ನಡೆದು, ಅವುಗಳ ಫಲವಾಗಿ 2025ರ ಮಾರ್ಚಿನಲ್ಲಿ 3.0 ಪ್ರಕಟವಾಯಿತು. ಈ ಲಕ್ಷಣವನ್ನು ಅರಿತವರು ಡೌನ್‌ಲೋಡ್ ಮಾಡುವುದಕ್ಕೆ ಮುಂಚೆಯೇ ತಾವು ಯಾವುದನ್ನು ಮನೆಗೆ ತರುತ್ತಿದ್ದೇವೆಂಬುದನ್ನು ತಿಳಿದುಕೊಂಡಿರುತ್ತಾರೆ.

ಸ್ಥಿರವಾದುದು ಕೈಯಲ್ಲಿರುವಾಗ ಅಸ್ಥಿರವಾದುದರ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ನೂತನ ಸೌಲಭ್ಯಗಳ ಆಸೆ ಒಂದು ಕಾರಣವಾದರೂ, ಕನ್ನಡಿಗರ ಮಟ್ಟಿಗೆ ಅದಕ್ಕಿಂತ ಗುರುತರವಾದ ಕಾರಣ ಇನ್ನೊಂದಿದೆ. ಈ ತಂತ್ರಾಂಶಗಳನ್ನು ರಚಿಸುವವರಲ್ಲಿ ಹೆಚ್ಚಿನವರು ಕನ್ನಡವನ್ನು ಓದಬಲ್ಲವರಲ್ಲ. ಒತ್ತಕ್ಷರವೊಂದು ತನ್ನ ಸ್ಥಾನದಿಂದ ಸರಿದು ಪಕ್ಕದ ಅಕ್ಷರವನ್ನು ತಾಗಿದರೆ, ಅರ್ಕಾವೊತ್ತು ಪಂಕ್ತಿಯ ಕೊನೆಯಲ್ಲಿ ತುಂಡಾಗಿ ಮುಂದಿನ ಪಂಕ್ತಿಗೆ ಇಳಿದುಹೋದರೆ, ಅದು ದೋಷವೆಂಬುದು ಅವರ ಕಣ್ಣಿಗೆ ಹೊಳೆಯುವ ಮಾರ್ಗವೇ ಇಲ್ಲ. ಪ್ರಯೋಗದ ಅವಧಿಯಲ್ಲಿ ಅದನ್ನು ಯಾರೂ ಎತ್ತಿ ತೋರಿಸದಿದ್ದರೆ ಆ ದೋಷ ಸ್ಥಿರ ಆವೃತ್ತಿಯೊಳಕ್ಕೆ ಸದ್ದಿಲ್ಲದೆ ಪ್ರವೇಶಿಸಿ ವರ್ಷಗಟ್ಟಲೆ ಅಲ್ಲಿಯೇ ನೆಲಸುತ್ತದೆ. ಯುನಿಕೋಡ್ ಕನ್ನಡವು ಪುಟವಿನ್ಯಾಸದ ತಂತ್ರಾಂಶಗಳಲ್ಲಿ ಸರಿಯಾಗಿ ಮೂಡದ ಕಾರಣದಿಂದಲೇ ನಮ್ಮ ಎಷ್ಟೋ ಮುದ್ರಣಾಲಯಗಳು ನುಡಿ, ಶ್ರೀಲಿಪಿ ಮೊದಲಾದವುಗಳ ಹಳೆಯ ಸಂಕೇತಗಳಿಗೆ ಅಂಟಿಕೊಂಡಿರಬೇಕಾಯಿತು. ಹಾಗೆ ಸಿದ್ಧವಾದ ಪುಸ್ತಕಗಳ ಕಡತಗಳಲ್ಲಿ ಇಂದು ಒಂದು ಪದವನ್ನು ಹುಡುಕುವುದೂ ದುಸ್ಸಾಧ್ಯ. ಆದುದರಿಂದ, ಕನ್ನಡದಲ್ಲಿ ಪುಸ್ತಕಗಳನ್ನು ಮಾಡುವವರಲ್ಲಿ ಕೆಲವರಾದರೂ ಪ್ರಯೋಗದ ಆವೃತ್ತಿಯನ್ನು ನಿಯಮಿತವಾಗಿ ಓಡಿಸಿ ನೋಡುತ್ತಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗೆ ನೋಡಹೊರಟವರು ಮೊತ್ತಮೊದಲು ಮನಗಾಣಬೇಕಾದುದು ಇಷ್ಟು: ಬೇರೆಬೇರೆಯಾಗಿ ಇರಿಸತಕ್ಕ ವಸ್ತುಗಳು ಒಂದಲ್ಲ, ಮೂರು. ತಂತ್ರಾಂಶ ಒಂದು, ಅದು ಬಳಕೆದಾರರ ಆಯ್ಕೆಗಳನ್ನು ಬರೆದಿಟ್ಟುಕೊಳ್ಳುವ ಸೆಟ್ಟಿಂಗ್ಸ್ ಕಡತಗಳು ಎರಡನೆಯದು, ಬಳಕೆದಾರರು ತಾವೇ ಶ್ರಮಿಸಿ ರಚಿಸಿದ ಕಡತಗಳು ಮೂರನೆಯದು. ತಂತ್ರಾಂಶಗಳನ್ನು ಪ್ರತ್ಯೇಕಿಸುವುದು ಈಗಿನ ಕಾಲದಲ್ಲಿ ಸುಲಭವಾಗಿರುವುದರಿಂದ ಜನರು ಅಷ್ಟಕ್ಕೇ ತೃಪ್ತರಾಗಿ, ಎರಡನೆಯದನ್ನು ಮರೆತು, ಮೂರನೆಯದರಲ್ಲಿ ನಷ್ಟವನ್ನು ಅನುಭವಿಸುತ್ತಾರೆ. ಹಳೆಯ ತಂತ್ರಾಂಶವು ಹೊಸದು ಬರೆದ ಸೆಟ್ಟಿಂಗ್ಸನ್ನು ಅರ್ಥಮಾಡಿಕೊಳ್ಳಲಾರದೆ ಮುಗ್ಗರಿಸುವುದು, ಹೊಸದರಲ್ಲಿ ಒಮ್ಮೆ ಉಳಿಸಿದ ಪುಸ್ತಕವನ್ನು ಹಳೆಯದು ತೆರೆಯಲು ನಿರಾಕರಿಸುವುದು, ಇವೇ ಪ್ರಾಯಶಃ ಎಲ್ಲ ಸಂಕಟಗಳ ಮೂಲ.

ತಂತ್ರಾಂಶಗಳು ಪರಸ್ಪರ ಘರ್ಷಿಸುವುದು ಯಾಕೆಂಬುದನ್ನೂ ಸಂಕ್ಷೇಪವಾಗಿ ಹೇಳುವುದು ಅವಶ್ಯ. ಲಿನಕ್ಸಿನಲ್ಲಿ ಒಂದು ಪ್ಯಾಕೇಜನ್ನು ಸ್ಥಾಪಿಸಿದಾಗ ಅದರ ಅಂಗಗಳು ಒಂದೇ ಫೋಲ್ಡರಿನಲ್ಲಿ ಇರದೆ, ಓಡತಕ್ಕ ಕಡತವು ಬಿನ್ ಎಂಬಲ್ಲಿಗೂ, ಲೈಬ್ರರಿಗಳು ಲಿಬ್ ಎಂಬಲ್ಲಿಗೂ, ಚಿತ್ರಗಳೂ ಅನುವಾದಗಳೂ ಶೇರ್ ಎಂಬಲ್ಲಿಗೂ ಹಂಚಿಹೋಗುತ್ತವೆ. ಒಂದೇ ಹೆಸರಿನ ಎರಡು ಆವೃತ್ತಿಗಳು ಬಂದರೆ ಅವುಗಳ ಕಡತಗಳಿಗೆ ಸ್ಥಳವೂ ಒಂದೇ ಆಗಿರುವುದರಿಂದ ಎರಡನೆಯದು ಮೊದಲನೆಯದನ್ನು ಅಳಿಸದೆ ಕೂರಲಾರದು. ಲೈಬ್ರರಿಗಳಲ್ಲಿ ಈ ತೊಡಕನ್ನು ಹಿಂದೆಯೇ ಪರಿಹರಿಸಲಾಗಿದೆ: ಕಡತದ ಹೆಸರಿನ ಕೊನೆಯಲ್ಲಿಯೇ ಸಂಖ್ಯೆಯನ್ನು ಸೇರಿಸುವುದರಿಂದ 1ನ್ನು ಬೇಡುವ ತಂತ್ರಾಂಶಕ್ಕೆ 1, 2ನ್ನು ಬೇಡುವುದಕ್ಕೆ 2 ದೊರೆಯುತ್ತದೆ. ಕರ್ನಲ್ ಇನ್ನೂ ಶ್ಲಾಘ್ಯವಾದ ಮಾದರಿ. ಅದರ ಪ್ರತಿಯೊಂದು ಆವೃತ್ತಿಯೂ ಬೂಟ್ ಫೋಲ್ಡರಿನಲ್ಲಿ ತನ್ನ ಸಂಖ್ಯೆಯನ್ನು ಹೊತ್ತ ಕಡತವಾಗಿ ನಿಂತು, ತನ್ನ ಮಾಡ್ಯೂಲುಗಳನ್ನು ತನ್ನದೇ ಹೆಸರಿನ ಫೋಲ್ಡರಿನಲ್ಲಿ ಇರಿಸಿಕೊಳ್ಳುವುದರಿಂದ, ಹೊಸದು ಕೆಟ್ಟರೆ ಗಣಕವನ್ನು ಮರುಚಾಲನೆ ಮಾಡಿ ಗ್ರಬ್ ಪಟ್ಟಿಯಿಂದ ಹಳೆಯದನ್ನು ಆರಿಸಿದರೆ ಸಾಕಾಗುತ್ತದೆ. ಬಳಕೆದಾರರ ತಂತ್ರಾಂಶಗಳಲ್ಲಿ ಮಾತ್ರ ಇಂಥ ವ್ಯವಸ್ಥೆ ಸಹಜವಾಗಿ ಇಲ್ಲ. ನಾವೇ ಅದನ್ನು ಕಲ್ಪಿಸಿಕೊಳ್ಳಬೇಕು.

ಹೀಗಿರುವಲ್ಲಿ ಉತ್ಸಾಹಿಗಳು ಹಿಡಿಯುವ ಅತ್ಯಂತ ಅಪಾಯಕರವಾದ ದಾರಿಯೆಂದರೆ, ಡೆಬಿಯನ್ ವಿತರಣೆಯ ಸ್ಟೇಬಲ್ ಶಾಖೆ ಇರುವ ಗಣಕದ ಭಂಡಾರಪಟ್ಟಿಗೆ ಅನ್‌ಸ್ಟೇಬಲ್ ಶಾಖೆಯ ವಿಳಾಸವನ್ನು ಸೇರಿಸಿ, ತಮಗೆ ಬೇಕಾದ ಒಂದೇ ಒಂದು ತಂತ್ರಾಂಶವನ್ನು ಅಲ್ಲಿಂದ ಎಳೆದುಕೊಳ್ಳುವುದು. ಆ ಒಂದು ತಂತ್ರಾಂಶವು ಹೊಸ ಲೈಬ್ರರಿಗಳನ್ನು ಬೇಡುತ್ತದೆ. ಅವು ಗಣಕದ ಪ್ರತಿಯೊಂದು ತಂತ್ರಾಂಶವೂ ಆಶ್ರಯಿಸಿರುವ ಸಿ ಲೈಬ್ರರಿಯ ಹೊಸ ಆವೃತ್ತಿಯನ್ನು ಬೇಡುತ್ತವೆ. ಬೇರೇನನ್ನೂ ಕೇಳದಿದ್ದವರ ಗಣಕವು ಕ್ಷಣಾರ್ಧದಲ್ಲಿ ಅರ್ಧ ಸ್ಥಿರವೂ ಅರ್ಧ ಅಸ್ಥಿರವೂ ಆದ ಮಿಶ್ರರೂಪವನ್ನು ತಾಳಿ, ಹಿಂದಿರುಗುವ ಮಾರ್ಗವನ್ನು ಕಳೆದುಕೊಳ್ಳುತ್ತದೆ. ಡೆಬಿಯನ್ನಿನ ಹಿರಿಯರೇ ಇದನ್ನು ಮಾಡಬಾರದೆಂದು ಸ್ಪಷ್ಟವಾಗಿ ವಿಧಿಸಿದ್ದಾರೆ. ಪ್ಯಾಕೇಜುಗಳನ್ನು ಸ್ಥಾಪಿಸುವ ಆಪ್ಟ್ ಎಂಬ ಸಾಧನವನ್ನು ಆದ್ಯತಾಸಂಖ್ಯೆಗಳ ಮೂಲಕ ನಿಯಂತ್ರಿಸುವ ಉಪಾಯವೊಂದು ಇದೆಯಾದರೂ—ಸಾಮಾನ್ಯ ಭಂಡಾರಕ್ಕೆ 500, ಹೊಸ ಆವೃತ್ತಿಗಳನ್ನು ಸ್ಥಿರ ಶಾಖೆಗೆ ಹೊಂದಿಸಿ ಸಿದ್ಧಪಡಿಸಿದ ಬ್ಯಾಕ್‌ಪೋರ್ಟ್ಸ್ ಭಂಡಾರಕ್ಕೆ 100 ಎಂಬಂತೆ—ಅದು ಯಾವುದು ಮೊದಲು ಬರಬೇಕೆಂಬುದನ್ನು ನಿರ್ಣಯಿಸುವುದೇ ಹೊರತು ಒಂದೇ ಪ್ಯಾಕೇಜಿನ ಎರಡು ಆವೃತ್ತಿಗಳನ್ನು ಜೊತೆಗೆ ಬಾಳಿಸಲಾರದು. ಬ್ಯಾಕ್‌ಪೋರ್ಟ್ಸ್‌ನಲ್ಲಿ ನಿಮಗೆ ಬೇಕಾದುದು ಇದ್ದರೆ ನಿರ್ಭಯವಾಗಿ ಬಳಸಿರಿ, ಅನ್‌ಸ್ಟೇಬಲನ್ನು ಬೆರೆಸಬೇಡಿರಿ.

ಸ್ಕ್ರೈಬಸ್ಸಿನ ವಿಷಯದಲ್ಲಿ ನಿರಪಾಯವಾದ ಮಾರ್ಗ ಸುಲಭವಾಗಿಯೇ ಇದೆ. ಸ್ಥಿರ ಆವೃತ್ತಿಯನ್ನು ನಿಮ್ಮ ವಿತರಣೆಯ ಭಂಡಾರದಿಂದ ಎಂದಿನಂತೆ ಸ್ಥಾಪಿಸಿಕೊಂಡು, ಪ್ರಯೋಗದ ಆವೃತ್ತಿಯನ್ನು ಆಪ್‌ಇಮೇಜ್ ರೂಪದಲ್ಲಿ ತರಿಸಿಕೊಳ್ಳತಕ್ಕದ್ದು. ಆಪ್‌ಇಮೇಜ್ ಎಂಬುದು ತಂತ್ರಾಂಶವನ್ನೂ ಅದಕ್ಕೆ ಬೇಕಾದ ಬಹುಪಾಲು ಲೈಬ್ರರಿಗಳನ್ನೂ ತನ್ನಲ್ಲಿ ಅಡಗಿಸಿಕೊಂಡ ಒಂದೇ ಕಡತ. ಅದು ಗಣಕದ ವ್ಯವಸ್ಥೆಯೊಳಗೆ ಏನನ್ನೂ ಸ್ಥಾಪಿಸುವುದಿಲ್ಲ. ಬೇಡವೆನಿಸಿದಾಗ ಆ ಕಡತವನ್ನು ಅಳಿಸಿದರೆ ತಂತ್ರಾಂಶವೂ ಹೋಯಿತು. ಹೋಮ್ ಫೋಲ್ಡರಿನಲ್ಲಿ 'ಪ್ರಯೋಗ' ಎಂಬ ಹೆಸರಿನ ಫೋಲ್ಡರೊಂದನ್ನು ನಿರ್ಮಿಸಿ, ಇಳಿಸಿಕೊಂಡ ಕಡತವನ್ನು ಅದರಲ್ಲಿ ಇರಿಸಿ, ಕಡತದ ಮೇಲೆ ಬಲಗುಂಡಿಯನ್ನು ಒತ್ತಿ ಪ್ರಾಪರ್ಟೀಸ್ ತೆರೆದು, ಅನುಮತಿಗಳ ಭಾಗದಲ್ಲಿ ಅದನ್ನು ಪ್ರೋಗ್ರಾಮಿನಂತೆ ಓಡಿಸಲು ಅವಕಾಶ ಕೊಟ್ಟರೆ, ಎರಡು ಬಾರಿ ಕ್ಲಿಕ್ಕಿಸಿದೊಡನೆ ಸ್ಕ್ರೈಬಸ್ ತೆರೆದುಕೊಳ್ಳುತ್ತದೆ. ಏನೂ ಆಗದೆ ಪರದೆ ಸುಮ್ಮನಿದ್ದರೆ, ಆಪ್‌ಇಮೇಜುಗಳು ಬಹುಕಾಲದಿಂದ ನೆಚ್ಚಿಕೊಂಡಿರುವ ಲಿಬ್‌ಫ್ಯೂಸ್2 ಎಂಬ ಲೈಬ್ರರಿ ನಿಮ್ಮಲ್ಲಿ ಇಲ್ಲವೆಂದು ಊಹಿಸಬಹುದು, ಉಬುಂಟು 22.04ರಿಂದ ಈಚೆಗೆ ಅದು ತಾನಾಗಿ ಬರುವುದಿಲ್ಲ, 24.04ರಲ್ಲಂತೂ ಅದರ ಹೆಸರಿನ ತುದಿಗೆ ಟಿ64 ಎಂಬುದು ಸೇರಿಕೊಂಡಿದೆ. ಆ ಲೈಬ್ರರಿಯನ್ನು ಮಾತ್ರ ಸ್ಥಾಪಿಸಿರಿ. ಬರಿಯ ಫ್ಯೂಸ್ ಎಂಬ ಹೆಸರಿನ ಪ್ಯಾಕೇಜನ್ನು ಹಾಕಹೊರಟರೆ ಅದು ಫ್ಯೂಸ್3ನ್ನೂ ಅದನ್ನು ಅವಲಂಬಿಸಿದ ಡೆಸ್ಕ್‌ಟಾಪಿನ ಭಾಗಗಳನ್ನೂ ಕಿತ್ತುಹಾಕುವ ಸಂಭವವಿರುವುದರಿಂದ, ಆಪ್ಟ್ ಯಾವಾವುದನ್ನು ತೆಗೆಯುತ್ತೇನೆಂದು ಹೇಳುತ್ತದೆಯೋ ಆ ಪಟ್ಟಿಯನ್ನು ಓದದೆ ಸಮ್ಮತಿಯ ಕೀಲಿಯನ್ನು ಒತ್ತಬಾರದು.

ತಂತ್ರಾಂಶ ಬೇರೆಯಾಯಿತು. ಆದರೆ ಸೆಟ್ಟಿಂಗ್ಸ್? ಹೋಮ್ ಫೋಲ್ಡರಿನಲ್ಲಿ ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನು ಒಟ್ಟಿಗೆ ಒತ್ತಿ ನೋಡಿದರೆ, ಚುಕ್ಕೆಯಿಂದ ಆರಂಭವಾಗುವುದರಿಂದ ಸಾಮಾನ್ಯವಾಗಿ ಕಣ್ಣಿಗೆ ಬೀಳದ ಕಾನ್ಫಿಗ್ ಎಂಬ ಫೋಲ್ಡರ್ ಕಾಣಿಸಿಕೊಳ್ಳುತ್ತದೆ. ಸ್ಕ್ರೈಬಸ್ ತನ್ನ ಆಯ್ಕೆಗಳನ್ನು ಬರೆದಿಡುವುದು ಅದರೊಳಗಿನ ಒಂದು ಫೋಲ್ಡರಿನಲ್ಲಿ. ಭಂಡಾರದಿಂದ ಬಂದ ಸ್ಥಿರ ಸ್ಕ್ರೈಬಸ್ಸಿಗೂ ಪ್ರಯೋಗದ ಆಪ್‌ಇಮೇಜಿಗೂ ಆ ಸ್ಥಳ ಒಂದೇ. ಇದನ್ನು ತಪ್ಪಿಸುವುದಕ್ಕೆ ಆಪ್‌ಇಮೇಜಿನಲ್ಲಿಯೇ ಸೊಗಸಾದ ಉಪಾಯವೊಂದನ್ನು ಅಳವಡಿಸಲಾಗಿದೆ: ಕಡತದ ಪಕ್ಕದಲ್ಲಿ, ಅದರ ಪೂರ್ಣವಾದ ಹೆಸರಿಗೆ ಒಂದು ಚುಕ್ಕೆಯನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಕಾನ್ಫಿಗ್ ಎಂಬುದನ್ನೂ ಸೇರಿಸಿದ ಹೆಸರುಳ್ಳ ಫೋಲ್ಡರೊಂದನ್ನು ನಿರ್ಮಿಸಿದರೆ, ಅಂದಿನಿಂದ ಆ ತಂತ್ರಾಂಶ ತನ್ನ ಸೆಟ್ಟಿಂಗ್ಸನ್ನು ಅಲ್ಲಿಯೇ ಬರೆಯುತ್ತದೆ. ಕಾನ್ಫಿಗ್ ಬದಲು ಹೋಮ್ ಎಂದು ಸೇರಿಸಿದರೆ ಆ ತಂತ್ರಾಂಶದ ಪಾಲಿಗೆ ಹೋಮ್ ಫೋಲ್ಡರೇ ಬೇರೆಯಾಗಿ, ಪ್ರತ್ಯೇಕತೆ ಇನ್ನೂ ಪೂರ್ಣವಾಗುತ್ತದೆ. ಆದರೆ ಪುಟವಿನ್ಯಾಸದ ಕೆಲಸಕ್ಕೆ ನಾನು ಅದನ್ನು ಸಲಹೆಮಾಡುವುದಿಲ್ಲ. ನೀವು ನಿಮ್ಮ ಖಾತೆಗೆ ಮಾತ್ರ ಹಾಕಿಕೊಂಡ ಕನ್ನಡದ ಫಾಂಟುಗಳು ಹೋಮ್ ಫೋಲ್ಡರಿನ ಒಳಗೇ ಅಡಗಿರುವುದರಿಂದ, ಹೋಮ್ ಬದಲಾದೊಡನೆ ಅವೆಲ್ಲ ಪಟ್ಟಿಯಿಂದ ಮಾಯವಾಗಿ, ತೆರೆದ ಪುಸ್ತಕವು ಫಾಂಟ್ ಸಿಕ್ಕಲಿಲ್ಲವೆಂದು ಬದಲಿಯನ್ನು ಕೇಳತೊಡಗುತ್ತದೆ. ಗುಬ್ಬಿ, ನವಿಲು, ಲೋಹಿತ್ ಮುಂತಾದವನ್ನು ವಿತರಣೆಯ ಪ್ಯಾಕೇಜುಗಳಾಗಿ ಇಡೀ ಗಣಕಕ್ಕೆ ಸ್ಥಾಪಿಸಿದ್ದರೆ ಈ ತೊಂದರೆ ಬಾರದು.

ಇನ್ನೊಂದು ಸೂಕ್ಷ್ಮವಿದೆ. ಹೊಸ ಆಪ್‌ಇಮೇಜ್ ಬಂದಾಗ ಅದರ ಕಡತದ ಹೆಸರಿನಲ್ಲಿ ಸಂಖ್ಯೆ ಬದಲಾಗಿರುತ್ತದೆಯಷ್ಟೆ. ಹೆಸರು ಬದಲಾದರೆ ಪಕ್ಕದ ಫೋಲ್ಡರಿನ ಸಂಬಂಧ ಕಡಿದುಹೋಗಿ, ತಂತ್ರಾಂಶ ಮತ್ತೆ ಸಾಮಾನ್ಯವಾದ ಸ್ಥಳಕ್ಕೇ ಬರೆಯತೊಡಗುತ್ತದೆ. ಆದುದರಿಂದ ಇಳಿಸಿಕೊಂಡ ಪ್ರತಿಯೊಂದಕ್ಕೂ ಅದರದೇ ಆದ ಕಾನ್ಫಿಗ್ ಫೋಲ್ಡರನ್ನು ಮಾಡಿಕೊಡುವುದನ್ನು, ಇಲ್ಲವೇ ಕಡತಕ್ಕೆ ಒಂದೇ ಶಾಶ್ವತವಾದ ಹೆಸರನ್ನು ಇಡುವುದನ್ನು ಅಭ್ಯಾಸಮಾಡಿಕೊಳ್ಳಬೇಕು. ಅಪ್ಲಿಕೇಶನ್ ಮೆನುವಿಗೆ ಅದನ್ನು ಸೇರಿಸುವುದಾದರೆ 'ಸ್ಕ್ರೈಬಸ್ ಪ್ರಯೋಗ' ಎಂಬಂತೆ ತಪ್ಪದೆ ಬೇರೆ ಹೆಸರನ್ನೂ, ಸಾಧ್ಯವಾದರೆ ಬೇರೆ ಚಿಹ್ನೆಯನ್ನೂ ಕೊಡಿರಿ. ಪುಸ್ತಕದ ಕಡತವನ್ನು ಎರಡು ಬಾರಿ ಕ್ಲಿಕ್ಕಿಸಿದಾಗ ತೆರೆಯಬೇಕಾದುದು ಸ್ಥಿರ ಆವೃತ್ತಿಯೇ ಎಂಬುದನ್ನು ಫೈಲ್ ಮ್ಯಾನೇಜರಿನಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿರಿ.

ಈಗ ಮೂರನೆಯದೂ ಅತಿ ಮುಖ್ಯವೂ ಆದ ಅಂಶಕ್ಕೆ ಬರೋಣ. ಸ್ಕ್ರೈಬಸ್ಸಿನ ಎಸ್‌ಎಲ್‌ಎ ಕಡತವು ಎಕ್ಸ್‌ಎಂಎಲ್ ರೂಪದ ಸರಳ ಪಠ್ಯವಾದುದರಿಂದ, ಸಂಕುಚಿತಗೊಳಿಸಿ ಉಳಿಸಿರದಿದ್ದರೆ, ಅದನ್ನು ಯಾವುದೇ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ಓದಬಹುದು. ಮೇಲ್ತುದಿಯಲ್ಲಿಯೇ, ಸ್ಕ್ರೈಬಸ್ ಎಂಬ ಹೆಸರಿನಿಂದ ಆರಂಭವಾಗುವ ಮೂಲಘಟಕದ ಒಳಗೆ, ವರ್ಶನ್ ಎಂಬ ಗುಣದ ಮುಂದೆ ಉದ್ಧರಣ ಚಿಹ್ನೆಗಳ ನಡುವೆ ಸಂಖ್ಯೆಯೊಂದು ಇರುತ್ತದೆ. ಆ ಕಡತವನ್ನು ಕೊನೆಯದಾಗಿ ಉಳಿಸಿದ ತಂತ್ರಾಂಶದ ಆವೃತ್ತಿ ಅದು. ಯಾವ ಪುಸ್ತಕ ಯಾವ ಆವೃತ್ತಿಯ ಕೈಗೆ ಸಿಕ್ಕಿದೆಯೆಂಬ ಸಂಶಯ ಬಂದಾಗಲೆಲ್ಲ ಈ ಒಂದು ಸಾಲನ್ನು ನೋಡಿದರೆ ಸಂದೇಹ ನಿವಾರಣೆಯಾಗುತ್ತದೆ. 1.5ರಲ್ಲಿ ಉಳಿಸಿದ ಪುಸ್ತಕವನ್ನು 1.4 ತೆರೆಯುತ್ತಲೇ ಇರಲಿಲ್ಲ. ತೆರೆದುಕೊಳ್ಳುವ ಸಂದರ್ಭಗಳಲ್ಲಿಯೂ, ಹಳೆಯದಕ್ಕೆ ತಿಳಿಯದ ಲಕ್ಷಣಗಳು ಮತ್ತೆ ಉಳಿಸುವಾಗ ಕಳೆದುಹೋಗಬಹುದೆಂದೇ ಭಾವಿಸಿ ನಡೆಯತಕ್ಕದ್ದು. ಗಿಂಪಿನಲ್ಲಿಯೂ ಇದೇ ಸ್ಥಿತಿ: 3.0ರಲ್ಲಿ ಬಂದ, ಮೂಲಚಿತ್ರವನ್ನು ಕೆಡಿಸದೆ ಪದರದ ಮೇಲೆ ಉಳಿಯುವ ಪರಿಣಾಮಗಳನ್ನು ಬಳಸಿ ಉಳಿಸಿದ ಚಿತ್ರವನ್ನು 2.10 ಓದಲಾರದು.

ಇದರಿಂದ ಹೊರಡುವ ನಿಯಮ ಒಂದೇ, ಅದಕ್ಕೆ ವಿನಾಯಿತಿ ಇಲ್ಲ. ಪ್ರಯೋಗದ ಆವೃತ್ತಿಯು ಮೂಲ ಕಡತವನ್ನು ಎಂದಿಗೂ ಮುಟ್ಟಕೂಡದು. ಪುಸ್ತಕವನ್ನು ಅದರಲ್ಲಿ ನೋಡಬೇಕೆನಿಸಿದಾಗ, ಚಿತ್ರಗಳನ್ನೂ ಒಳಗೊಂಡಂತೆ ಇಡೀ ಫೋಲ್ಡರನ್ನು 'ಪ್ರಯೋಗ'ದ ಒಳಕ್ಕೆ ನಕಲುಮಾಡಿ, ಆ ನಕಲನ್ನೇ ತೆರೆಯಿರಿ. ನಕಲು ಮಾಡಲು ಮರೆಯುವ ಸಂಭವವಿದ್ದರೆ, ನಡೆಯುತ್ತಿರುವ ಪುಸ್ತಕಗಳ ಎಸ್‌ಎಲ್‌ಎ ಕಡತಗಳಿಗೆ ದಿನದ ಕೆಲಸ ಮುಗಿದ ಮೇಲೆ ಓದುವ ಅನುಮತಿಯನ್ನು ಮಾತ್ರ ಉಳಿಸಿ ಬರೆಯುವ ಅನುಮತಿಯನ್ನು ತೆಗೆದುಹಾಕುವುದೂ ಒಳ್ಳೆಯ ರಕ್ಷೆ.

ಹೀಗೆ ಸಿದ್ಧತೆಯಾದ ಮೇಲೆ ಪ್ರಯೋಗದ ಆವೃತ್ತಿಯಲ್ಲಿ ನೋಡತಕ್ಕದ್ದೇನು? ಸುಮ್ಮನೆ ತೆರೆದು ಮುಚ್ಚಿದರೆ ಯಾವ ಪ್ರಯೋಜನವೂ ಇಲ್ಲ. ಒಂದೇ ಪುಟದ ಪರೀಕ್ಷಾಕಡತವೊಂದನ್ನು ಸ್ಥಿರ ಆವೃತ್ತಿಯಲ್ಲಿ ರಚಿಸಿಟ್ಟುಕೊಂಡರೆ ಪ್ರತಿ ಬಾರಿಯೂ ಅದನ್ನೇ ಬಳಸಬಹುದು. ಮೂರು ವ್ಯಂಜನಗಳು ಕೂಡಿದ 'ಸ್ತ್ರೀ', 'ರಾಷ್ಟ್ರ', 'ಲಕ್ಷ್ಮಿ' ಎಂಬ ಪದಗಳು ಅದರಲ್ಲಿ ಇರಲಿ. ಅರ್ಕಾವೊತ್ತಿಗೆ 'ಕರ್ನಾಟಕ', 'ಸೂರ್ಯ'. ಅರ್ಕಾವೊತ್ತು ಬಾರದೆ ರಕಾರವೇ ಉಳಿದು ಯಕಾರವು ಒತ್ತಾಗಬೇಕಾದ 'ರ‍್ಯಾಂಕ್'. ಒತ್ತಾಗದೆ ಬಿಡಿಯಾಗಿಯೇ ನಿಲ್ಲಬೇಕಾದ 'ಸಾಫ್ಟ್‌ವೇರ್'. ಕೊನೆಯ ಎರಡರಲ್ಲಿ ಕಣ್ಣಿಗೆ ಕಾಣದ ಯುನಿಕೋಡ್ ಚಿಹ್ನೆಗಳು ಅಡಗಿದ್ದು, ಪಠ್ಯವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವಾಗ ಅವು ಕಳೆದುಹೋಗುವುದು ಅಪರೂಪವಲ್ಲ. ಅನಂತರ ಅಕ್ಷರಗಳ ನಡುವಣ ಅಂತರವನ್ನು ಹಿಗ್ಗಿಸಿ, ಒತ್ತುಗಳು ತಮ್ಮ ಅಕ್ಷರದ ಅಡಿಯಲ್ಲಿಯೇ ನಿಲ್ಲುವುವೋ ಇಲ್ಲವೋ ನೋಡಿರಿ. ಅಧ್ಯಾಯದ ಮೊದಲಕ್ಷರವನ್ನು ದೊಡ್ಡದಾಗಿಸುವ ಸೌಲಭ್ಯವನ್ನು 'ಸ್ತ್ರೀ' ಎಂದು ಮೊದಲಾಗುವ ಪಂಕ್ತಿಯೊಂದಕ್ಕೆ ಅನ್ವಯಿಸಿದರೆ, ಸಕಾರವೊಂದೇ ಬೆಳೆಯದೆ ಇಡೀ ಅಕ್ಷರವೇ ಬೆಳೆಯಬೇಕು. ಅಂಕಣವನ್ನು ತೀರ ಕಿರಿದುಮಾಡಿ, ಪಂಕ್ತಿಗಳು ಎಲ್ಲೆಲ್ಲಿ ಮುರಿಯುತ್ತವೆಂಬುದನ್ನೂ ಗಮನಿಸಿರಿ. ಇವುಗಳಲ್ಲಿ ಯಾವುದನ್ನೂ ಕನ್ನಡ ಬಾರದವರು ಪರೀಕ್ಷಿಸಲಾರರು.

ಅದೇ ಪುಟವನ್ನು ಎರಡು ಆವೃತ್ತಿಗಳಿಂದಲೂ ಪಿಡಿಎಫ್ ಮಾಡಿ ಪಕ್ಕಪಕ್ಕದಲ್ಲಿ ತೆರೆದಿಡುವುದು ಮುಂದಿನ ಹೆಜ್ಜೆ. ಕಣ್ಣಿಗೆ ಎರಡೂ ಒಂದೇ ತೆರನಾಗಿ ತೋರಿದರೂ ತೃಪ್ತರಾಗದೆ, ಪಿಡಿಎಫಿನೊಳಗೆ 'ಕರ್ನಾಟಕ' ಎಂದು ಹುಡುಕಿ ನೋಡಿರಿ. ಅಲ್ಲಿಂದ ಒಂದು ಪಂಕ್ತಿಯನ್ನು ನಕಲಿಸಿ ಎಡಿಟರಿಗೆ ಅಂಟಿಸಿ, ಅಕ್ಷರಗಳು ಸ್ವಸ್ಥಾನದಲ್ಲಿ ಉಳಿದಿವೆಯೇ ಎಂದು ಪರಿಶೀಲಿಸಿರಿ. ಅಚ್ಚಿನಲ್ಲಿ ಸುಂದರವಾಗಿ ಮೂಡುವ ಪುಟವು ಓದುವ ಯಂತ್ರಕ್ಕೂ ದೃಷ್ಟಿಹೀನರ ಪರದೆವಾಚಕಕ್ಕೂ ಅರ್ಥವಾಗದ ಅಕ್ಷರರಾಶಿಯಾಗಿರುವುದುಂಟು. ದೋಷವೊಂದು ಹೊಸದರಲ್ಲಿ ಮಾತ್ರ ಕಂಡು ಹಳೆಯದರಲ್ಲಿ ಕಾಣದಿದ್ದರೆ, ಅದನ್ನು ತಿದ್ದಬೇಕಾದವರಿಗೆ ಅದಕ್ಕಿಂತ ಅಮೂಲ್ಯವಾದ ಸುಳಿವು ಮತ್ತೊಂದಿಲ್ಲ. ಎರಡು ಆವೃತ್ತಿಗಳ ನಡುವೆ ಆದ ಬದಲಾವಣೆಗಳಲ್ಲಿಯೇ ಅದರ ಕಾರಣ ಅಡಗಿರತಕ್ಕದ್ದು. ವರದಿಯನ್ನು ಬರೆಯುವಾಗ ಎರಡೂ ಆವೃತ್ತಿಗಳ ಸಂಖ್ಯೆ, ವಿತರಣೆಯ ಹೆಸರು, ಫಾಂಟಿನ ಹೆಸರು, ಆ ಒಂದು ಪುಟದ ಎಸ್‌ಎಲ್‌ಎ ಕಡತ, ಮತ್ತು ಸರಿಯಾದ ರೂಪ ಹೀಗಿರಬೇಕೆಂದು ತೋರಿಸುವ ಚಿತ್ರ, ಇಷ್ಟನ್ನು ಲಗತ್ತಿಸಿರಿ. ಕೊನೆಯದನ್ನು ಬಿಟ್ಟರೆ, ನಿಮ್ಮ ಕಣ್ಣಿಗೆ ಢಾಳಾಗಿ ಕಾಣುವ ತಪ್ಪು ಅವರ ಕಣ್ಣಿಗೆ ಕಾಣಿಸದು.

ಬೇರೆ ತಂತ್ರಾಂಶಗಳನ್ನು ಬಳಸುವವರಿಗೆ ಕೆಲವು ಮಾತುಗಳು. ಲಿಬ್ರೆಆಫೀಸಿನ ಪ್ರಯೋಗದ ಆವೃತ್ತಿಯು ಬೇರೆಯ ಹೆಸರಿನಿಂದ ಆಪ್ಟ್ (/opt) ಎಂಬ ಫೋಲ್ಡರಿನಲ್ಲಿ ನೆಲಸಿ, ತನ್ನ ಸೆಟ್ಟಿಂಗ್ಸನ್ನೂ ಬೇರೆಯಾಗಿಯೇ ಇರಿಸಿಕೊಳ್ಳುವುದರಿಂದ ಅಲ್ಲಿ ಚಿಂತೆಯಿಲ್ಲ. ಗಿಂಪ್ ಕೂಡ ಮಾಲಿಕೆಗೊಂದರಂತೆ ಸೆಟ್ಟಿಂಗ್ಸ್ ಫೋಲ್ಡರನ್ನು ನಿರ್ಮಿಸಿಕೊಳ್ಳುತ್ತದೆ. 2019ರಲ್ಲಿ ಬಂದ 67ನೆಯ ಆವೃತ್ತಿಯಿಂದ ಮೊದಲ್ಗೊಂಡು ಫೈರ್‌ಫಾಕ್ಸ್ ಪ್ರತಿಯೊಂದು ಸ್ಥಾಪನೆಗೂ ಪ್ರತ್ಯೇಕವಾದ ಪ್ರೊಫೈಲನ್ನು ಕೊಡುವುದಲ್ಲದೆ, ಹೊಸ ಆವೃತ್ತಿ ಬಳಸಿದ ಪ್ರೊಫೈಲನ್ನು ಹಳೆಯದು ತೆರೆಯಹೋದರೆ ತಡೆಯುತ್ತದೆ. ಅದರ ಪ್ರಯೋಗದ ಆವೃತ್ತಿಯಾದ ನೈಟ್ಲಿಯನ್ನು ಓಡಿಸಿ ಕನ್ನಡ ಅನುವಾದವನ್ನು ಪರೀಕ್ಷಿಸುವವರಿಗೆ ಇದು ದೊಡ್ಡ ಉಪಕಾರ. ವಿತರಣೆಯ ಭಂಡಾರವನ್ನು ಅವಲಂಬಿಸದೆ ತಂತ್ರಾಂಶಗಳನ್ನು ಸ್ಥಾಪಿಸುವ ಫ್ಲಾಟ್‌ಪ್ಯಾಕಿನಲ್ಲಿ ಎಚ್ಚರ ಬೇಕು. ಫ್ಲಾಟ್‌ಹಬ್ಬಿನ ಬೀಟಾ ಭಂಡಾರವನ್ನು ಪ್ರತ್ಯೇಕವಾಗಿ ಸೇರಿಸಿಕೊಂಡರೆ ಒಂದೇ ತಂತ್ರಾಂಶದ ಸ್ಟೇಬಲ್ ಮತ್ತು ಬೀಟಾ ಶಾಖೆಗಳೆರಡೂ ಜೊತೆಗೆ ನಿಲ್ಲುತ್ತವೆಯಾದರೂ, ಮೆನುವಿನಲ್ಲಿ ಕಾಣುವುದು ಒಂದೇ. ಇನ್ನೊಂದನ್ನು ಟರ್ಮಿನಲ್ಲಿನಿಂದ ಶಾಖೆಯ ಹೆಸರನ್ನು ಹೇಳಿ ಓಡಿಸಬೇಕು. ಅದಕ್ಕಿಂತ ಮುಖ್ಯವಾಗಿ, ಸೆಟ್ಟಿಂಗ್ಸಿನ ಫೋಲ್ಡರ್ ತಂತ್ರಾಂಶದ ಗುರುತಿಗೆ ಒಂದರಂತೆ ಇರುವುದೇ ಹೊರತು ಶಾಖೆಗೆ ಒಂದರಂತೆ ಇರುವುದಿಲ್ಲವಾದುದರಿಂದ, ಬೀಟಾವನ್ನು ಮೊದಲ ಬಾರಿ ತೆರೆಯುವ ಮುನ್ನ ಆ ಫೋಲ್ಡರಿನ ನಕಲೊಂದನ್ನು ತೆಗೆದಿಡಬೇಕು.

ತಂತ್ರಾಂಶವನ್ನು ಅದರ ಆಕರಸಂಕೇತದಿಂದಲೇ ಕಟ್ಟಿಕೊಳ್ಳಬಲ್ಲವರು, ಸ್ಥಾಪನೆಯ ಸ್ಥಳವನ್ನು ತಮ್ಮ ಹೋಮ್ ಫೋಲ್ಡರಿನ ಒಳಗಿನ ಒಂದು ಪ್ರತ್ಯೇಕ ಫೋಲ್ಡರಿಗೆ ನಿಗದಿಪಡಿಸುವುದು ಕ್ಷೇಮ. ಯುಎಸ್‌ಆರ್ ಲೋಕಲ್ ಎಂಬಲ್ಲಿ ಸ್ಥಾಪಿಸಿದರೆ, ಶೆಲ್ ಆದೇಶಗಳನ್ನು ಹುಡುಕುವಾಗ ಸಾಮಾನ್ಯವಾಗಿ ಆ ಸ್ಥಳವನ್ನೇ ಮೊದಲು ನೋಡುವುದರಿಂದ, ಸ್ಥಿರವಾದುದನ್ನು ಕರೆದಾಗಲೂ ಪ್ರಯೋಗದ್ದೇ ಬಂದು ನಿಲ್ಲುತ್ತದೆ. ಬೇಕಾದ ಲೈಬ್ರರಿಗಳು ಸ್ಥಿರ ವಿತರಣೆಯಲ್ಲಿ ದೊರೆಯದಿದ್ದರೆ ಡಿಸ್ಟ್ರೋಬಾಕ್ಸ್ ಎಂಬ ಸಾಧನದ ಮೂಲಕ ಡೆಬಿಯನ್ ಅನ್‌ಸ್ಟೇಬಲ್ಲಿನ ಕಂಟೈನರೊಂದನ್ನು ನಿರ್ಮಿಸಿ ಅದರೊಳಗೆ ಓಡಿಸಬಹುದು; ಆಗ ಮೂಲ ವ್ಯವಸ್ಥೆಗೆ ಕಿಂಚಿತ್ತೂ ಬಾಧೆಯಿಲ್ಲ. ಆದರೆ ಡಿಸ್ಟ್ರೋಬಾಕ್ಸ್ ಬೇರೆ ಹೋಮನ್ನು ಕೊಡೆಂದು ಹೇಳದ ಹೊರತು ನಿಮ್ಮ ಹೋಮ್ ಫೋಲ್ಡರನ್ನೇ ಹಂಚಿಕೊಳ್ಳುತ್ತದೆಂಬುದನ್ನು ನೆನಪಿಡಿರಿ.

ಈ ವಿವರಗಳೆಲ್ಲ ತೊಡಕೆನಿಸುವವರಿಗೆ ಅತ್ಯಂತ ಸರಳವಾದ ಮಾರ್ಗವೊಂದಿದ್ದು, ಜನರು ಅದನ್ನು ಏತಕ್ಕೋ ಅಲಕ್ಷಿಸುತ್ತಾರೆ: ಗಣಕದಲ್ಲಿ ಇನ್ನೊಂದು ಬಳಕೆದಾರ ಖಾತೆಯನ್ನು ತೆರೆಯುವುದು. ಆ ಖಾತೆಗೆ ತನ್ನದೇ ಹೋಮ್, ತನ್ನದೇ ಸೆಟ್ಟಿಂಗ್ಸ್, ತನ್ನದೇ ಕಡತಗಳಿದ್ದು, ಫೋಲ್ಡರಿನ ಅನುಮತಿಗಳನ್ನು ಬಿಗಿಯಾಗಿ ಇಟ್ಟಿದ್ದರೆ ನಿಮ್ಮ ಪುಸ್ತಕಗಳ ಮೇಲೆ ಬರೆಯುವ ಅಧಿಕಾರವೇ ಅದಕ್ಕೆ ಇರುವುದಿಲ್ಲ. ಮುದ್ರಣಾಲಯಗಳಲ್ಲಿ, ಒಂದೇ ಗಣಕದ ಮುಂದೆ ಸರದಿಯ ಮೇಲೆ ಹಲವರು ಕುಳಿತುಕೊಳ್ಳುವ ಕಡೆಗಳಲ್ಲಿ, ಇದಕ್ಕಿಂತ ಉತ್ತಮವಾದ ವ್ಯವಸ್ಥೆಯನ್ನು ನಾನು ಕಾಣೆ.

ಪ್ರಯೋಗದ ಮಾಲಿಕೆ ಪರಿಪಕ್ವವಾಗಿ ಸಮಸಂಖ್ಯೆಯ ಸ್ಥಿರ ಆವೃತ್ತಿಯಾದಾಗ, ಹಳೆಯದರಿಂದ ಹೊಸದಕ್ಕೆ ಸಾಗುವ ಪ್ರಶ್ನೆ ಏಳುತ್ತದೆ. ಅರ್ಧ ಮುಗಿದ ಪುಸ್ತಕವನ್ನು ಅದು ಆರಂಭವಾದ ಆವೃತ್ತಿಯಲ್ಲಿಯೇ ಮುಗಿಸುವುದು ಉಚಿತ. ಪಂಕ್ತಿಗಳು ಮುರಿಯುವ ಸ್ಥಳಗಳು ಕೂದಲೆಳೆಯಷ್ಟು ಬದಲಾದರೂ ಪುಟಸಂಖ್ಯೆಗಳೂ ವಿಷಯಸೂಚಿಯೂ ಪದಸೂಚಿಯೂ ಒಮ್ಮೆಗೇ ಏರುಪೇರಾಗುತ್ತವೆ. ಮುಗಿದ ಪುಸ್ತಕಗಳ ವಿಷಯದಲ್ಲಿ ಮಾಡತಕ್ಕ ಕೆಲಸವೆಂದರೆ, ಫೈಲ್ ಮೆನುವಿನಲ್ಲಿರುವ ಕಲೆಕ್ಟ್ ಫಾರ್ ಔಟ್‌ಪುಟ್ ಎಂಬುದನ್ನು ಬಳಸಿ ಕಡತವನ್ನೂ ಚಿತ್ರಗಳನ್ನೂ ಫಾಂಟುಗಳನ್ನೂ ಒಂದೇ ಫೋಲ್ಡರಿಗೆ ಸಂಗ್ರಹಿಸಿ, ಅಚ್ಚಿಗೆ ಕಳುಹಿಸಿದ ಪಿಡಿಎಫನ್ನೂ ಅದರೊಳಗೆ ಇಟ್ಟು, ಆ ಪುಸ್ತಕವನ್ನು ರಚಿಸಿದ ಆವೃತ್ತಿಯ ಆಪ್‌ಇಮೇಜನ್ನೂ ಜೊತೆಗೆ ಸೇರಿಸುವುದು. ಹತ್ತು ವರ್ಷಗಳ ತರುವಾಯ ಎರಡನೆಯ ಮುದ್ರಣದಲ್ಲಿ ಒಂದು ಕಾಗುಣಿತದ ತಪ್ಪನ್ನು ಮಾತ್ರ ತಿದ್ದಬೇಕಾಗಿ ಬಂದರೆ, ಅಂದಿನ ವಿತರಣೆಯಲ್ಲಿ ಆ ಹಳೆಯ ಆಪ್‌ಇಮೇಜ್ ಓಡುವವರೆಗೆ, ಪುಟಗಳು ಅಲುಗಾಡದಂತೆ ಆ ಒಂದು ಅಕ್ಷರವನ್ನು ಬದಲಾಯಿಸಿ ಕೆಲಸವನ್ನು ಮುಗಿಸಬಹುದು.